ತನಿಖೆಯ ಅವಧಿ ಮುಗಿದು ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ: ಶ್ರೀಲಂಕಾ, ಜಿನೀವಾ ಮತ್ತು ನಿಮ್ಮ ಸಂಸದರು

ಜಾಫ್ನಾ ಪಟ್ಟಣದ ಹೊರಗೆ ಚೆಮ್ಮಣಿ ಅಂತ ಒಂದು ಜಾಗ ಇದೆ. 2025ರ ಫೆಬ್ರವರಿಯಲ್ಲಿ ಅಲ್ಲಿನ ಸ್ಮಶಾನದಲ್ಲಿ ಕಟ್ಟಡ ಕೆಲಸಕ್ಕೆ ನೆಲ ಅಗೆಯುತ್ತಿದ್ದಾಗ ಮನುಷ್ಯರ ಮೂಳೆಗಳು ಸಿಕ್ಕವು. ಕೋರ್ಟಿನ ಉಸ್ತುವಾರಿಯಲ್ಲಿ ಅಗೆಯುತ್ತಾ ಹೋದರು, ಸೆಪ್ಟೆಂಬರ್ ಹೊತ್ತಿಗೆ 200ಕ್ಕೂ ಹೆಚ್ಚು ಅಸ್ಥಿಪಂಜರಗಳು ಹೊರಬಂದವು. ಅದರಲ್ಲಿ ಮಕ್ಕಳೂ ಇದ್ದರು. ಒಂದು ಮಗುವಿನ ಮೂಳೆಗಳ ಪಕ್ಕದಲ್ಲಿ ನೀಲಿ ಬಣ್ಣದ ಶಾಲೆ ಬ್ಯಾಗ್ ಇತ್ತು.

ಈ ಜಾಗದ ಬಗ್ಗೆ ಮೊದಲು ಹೇಳಿದ್ದು 1998ರಲ್ಲಿ, ಒಬ್ಬ ಸೈನಿಕ. ಶಾಲಾ ಹುಡುಗಿಯೊಬ್ಬಳ ಅತ್ಯಾಚಾರ ಮತ್ತು ಕೊಲೆ ಕೇಸಿನಲ್ಲಿ ಶಿಕ್ಷೆಯಾದಾಗ ಅವನು ಕೋರ್ಟಿನಲ್ಲೇ ಬಾಯಿಬಿಟ್ಟ, ಚೆಮ್ಮಣಿಯಲ್ಲಿ 300–400 ಹೆಣಗಳನ್ನು ಹೂತಿದ್ದೇವೆ ಅಂತ. 1999ರಲ್ಲಿ ಅಗೆದು 15 ಶವಗಳನ್ನು ತೆಗೆದರು. ಆಮೇಲೆ ಕೆಲಸ ನಿಂತುಹೋಯಿತು. 25 ವರ್ಷ.

ನಾನು ಇದನ್ನು ಬರೆಯುತ್ತಿರುವುದಕ್ಕೆ ಕಾರಣ ಆ 25 ವರ್ಷ. ತನಿಖೆ ಬೇಡ ಅಂತ ಯಾರೂ ಎದ್ದು ನಿಂತು ಕೂಗುವುದು ಕಡಿಮೆ. ಅವಧಿ ಮುಗಿಯುತ್ತದೆ, ಯಾರೂ ಕೇಳುವುದಿಲ್ಲ, ಫೈಲು ಕಪಾಟಿಗೆ ಹೋಗುತ್ತದೆ, ಅಷ್ಟೇ. ಹಾಗಾಗದಂತೆ ನೋಡಿಕೊಳ್ಳಲು ನಮ್ಮಂಥ ಸಾಮಾನ್ಯರು ಏನು ಮಾಡಬಹುದು ಅಂತ ಇಲ್ಲಿ ಹೇಳುತ್ತೇನೆ. ಶ್ರೀಲಂಕಾವನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ, ಯಾಕೆಂದರೆ ಅದು ಪಕ್ಕದ ದೇಶ, ಮತ್ತು ಮುಂದಿನ ಸಲ ಅದರ ತನಿಖೆ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಮತಕ್ಕೆ ಬಂದರೆ ಭಾರತದ ಕೈಯಲ್ಲೂ ಒಂದು ಮತ ಇರುತ್ತದೆ.

ಮೊದಲು, ಏನು ಉಳಿಸಬೇಕು ಅಂತ ಸರಿಯಾಗಿ ತಿಳಿದುಕೊಳ್ಳಿ

"ಅಂತಾರಾಷ್ಟ್ರೀಯ ತನಿಖೆ ಆಗಲಿ" ಅಂತ ಬರೆದರೆ ಓದುವ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಯಾವ ತನಿಖೆ, ಯಾರು ನಡೆಸುತ್ತಿದ್ದಾರೆ, ಯಾವ ನಿರ್ಣಯದ ಪ್ರಕಾರ, ಯಾವತ್ತಿನವರೆಗೆ: ಈ ನಾಲ್ಕು ವಿಷಯ ನಿಮ್ಮ ನಾಲಿಗೆ ತುದಿಯಲ್ಲಿರಬೇಕು.

ಸರ್ಕಾರಿ ಸೈನ್ಯಕ್ಕೂ ತಮಿಳು ಪ್ರತ್ಯೇಕತಾವಾದಿ ಎಲ್‌ಟಿಟಿಇಗೂ ನಡುವೆ ನಡೆದ ಶ್ರೀಲಂಕಾದ ಯುದ್ಧ 2009ರ ಮೇ 18ರಂದು ಮುಳ್ಳಿವಾಯ್ಕಾಲ್ ತೀರದಲ್ಲಿ ಮುಗಿಯಿತು. ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ನೇಮಿಸಿದ ತಜ್ಞರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರ ಸಂಖ್ಯೆ 40,000ದವರೆಗೂ ಇರಬಹುದು ಅನ್ನುವುದನ್ನು ತಳ್ಳಿಹಾಕಲಾಗದು ಅಂತ ಅದು ಹೇಳಿತು. 2015ರಲ್ಲಿ ಶ್ರೀಲಂಕಾ ಸರ್ಕಾರವೇ ಸಹಪ್ರಾಯೋಜಕನಾಗಿ ಮಂಡಳಿಯ ಒಂದು ನಿರ್ಣಯಕ್ಕೆ ಒಪ್ಪಿಕೊಂಡಿತು, 2020ರಲ್ಲಿ ಸರ್ಕಾರ ಬದಲಾದ ಮೇಲೆ ಅದರಿಂದ ಹಿಂದೆ ಸರಿಯಿತು. ಅದಕ್ಕೇ 2021ರ ಮಾರ್ಚ್‌ನಲ್ಲಿ ಮಾನವ ಹಕ್ಕುಗಳ ಮಂಡಳಿ 46/1 ನಿರ್ಣಯದ ಮೂಲಕ ಸಾಕ್ಷ್ಯ ಕೂಡಿಸಿ ಕಾಪಾಡುವ ಕೆಲಸವನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಗೆ ವಹಿಸಿತು. ಅಲ್ಲಿ ಇದಕ್ಕೆ ಒಂದು ಚಿಕ್ಕ ತಂಡ ಇದೆ. ಸುಮಾರು ಒಂದು ಲಕ್ಷ ದಾಖಲೆಗಳು, ಹೇಳಿಕೆಗಳು, ಫೋಟೊ, ವಿಡಿಯೊಗಳು ಈಗ ಅವರ ಬಳಿ ಇವೆ.

ಈ ತಂಡ ಯಾರನ್ನೂ ಬಂಧಿಸುವುದಿಲ್ಲ, ಶಿಕ್ಷೆ ಕೊಡುವುದಿಲ್ಲ. ಹಾಗಾದರೆ ಏನು ಪ್ರಯೋಜನ ಅಂತ ಎಲ್ಲರೂ ಕೇಳುತ್ತಾರೆ. ಶ್ರೀಲಂಕಾ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ ದೇಶ ಅಲ್ಲ. ಶ್ರೀಲಂಕಾ ತಾನೇ ಒಪ್ಪದಿದ್ದರೆ ಅಲ್ಲಿಗೆ ಕೇಸನ್ನು ಭದ್ರತಾ ಮಂಡಳಿ ಕಳಿಸಬೇಕು, ಅಲ್ಲಿ ವೀಟೊ ಇದೆ. ಉಳಿದಿರುವುದು ಬೇರೆ ದೇಶಗಳ ಕೋರ್ಟುಗಳು. ಸಿರಿಯಾದ ಒಬ್ಬ ಗುಪ್ತಚರ ಅಧಿಕಾರಿಗೆ 2022ರ ಜನವರಿಯಲ್ಲಿ ಜರ್ಮನಿಯ ಕೊಬ್ಲೆನ್ಸ್ ಊರಿನ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತಲ್ಲ, ಅದು ಸಾಧ್ಯವಾಗಿದ್ದು ವರ್ಷಗಟ್ಟಲೆ ಯಾರೋ ಕಾಗದ, ಫೋಟೊ, ಸಾಕ್ಷಿಗಳ ಮಾತು ಎಲ್ಲವನ್ನೂ ಜೋಪಾನ ಮಾಡಿದ್ದರಿಂದ. ಸಾಕ್ಷ್ಯ ಇದ್ದರೆ ಕೇಸು ಇವತ್ತಲ್ಲದಿದ್ದರೆ ಇನ್ನೂ ಹತ್ತು ವರ್ಷಕ್ಕೆ ನಡೆಯಬಹುದು. ಸಾಕ್ಷ್ಯ ಹೋದರೆ ಮುಗಿಯಿತು.

ದಿನಾಂಕದಿಂದ ಹಿಂದಕ್ಕೆ ಲೆಕ್ಕ ಹಾಕಿ

2025ರ ಅಕ್ಟೋಬರ್‌ನಲ್ಲಿ 60/1 ನಿರ್ಣಯ ಈ ಕೆಲಸವನ್ನು ಎರಡು ವರ್ಷ ಮುಂದುವರಿಸಿತು. ಅಂದರೆ 2027ರ ಸೆಪ್ಟೆಂಬರ್–ಅಕ್ಟೋಬರ್ ಅಧಿವೇಶನದಲ್ಲಿ ಮತ್ತೆ ತೀರ್ಮಾನ ಆಗಬೇಕು. ಈ ದಿನಾಂಕವನ್ನು ಗೋಡೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ ಅಂತ ನಿಜವಾಗಿಯೂ ಹೇಳುತ್ತಿದ್ದೇನೆ.

ಜನ ಸಾಮಾನ್ಯವಾಗಿ ಎಚ್ಚೆತ್ತುಕೊಳ್ಳುವುದು ಮತದಾನದ ವಾರದಲ್ಲಿ. ಆಗ ತುಂಬಾ ತಡ. ನಾವು ಕೆಲವು ಗೆಳೆಯರು ಒಮ್ಮೆ ಹೀಗೇ ಅಧಿವೇಶನ ಶುರುವಾದ ಮೇಲೆ ಪತ್ರ ಕಳಿಸಿದ್ದೆವು, ಅದು ತಲುಪುವಷ್ಟರಲ್ಲಿ ಎಲ್ಲ ದೇಶಗಳೂ ತಮ್ಮ ತಮ್ಮ ನಿಲುವು ತೀರ್ಮಾನಿಸಿ ಆಗಿತ್ತು. ನಿರ್ಣಯದ ಕರಡನ್ನು ಬರೆಯುವುದು ಕೆಲವು ದೇಶಗಳ ಒಂದು ಗುಂಪು. ಶ್ರೀಲಂಕಾ ವಿಷಯದಲ್ಲಿ ಅದರ ಮುಂದಾಳು ಬ್ರಿಟನ್, ಜೊತೆಗೆ ಕೆನಡಾ, ಮಲಾವಿ, ಮಾಂಟೆನೆಗ್ರೊ, ಉತ್ತರ ಮ್ಯಾಸಿಡೋನಿಯ. ಅವರು ತಿಂಗಳುಗಳ ಮೊದಲೇ ಮಾತುಕತೆ ಶುರು ಮಾಡಿರುತ್ತಾರೆ. ಆದ್ದರಿಂದ ನಿಮ್ಮ ಪತ್ರ ಮೇ, ಜೂನ್, ಜುಲೈಯಲ್ಲಿ ಹೋಗಬೇಕು. ಹೈಕಮಿಷನರ್ ವರದಿ ಅಧಿವೇಶನಕ್ಕೆ ಕೆಲವು ವಾರ ಮೊದಲು ಹೊರಬರುತ್ತದೆ, ಆಗ ಎರಡನೇ ಪತ್ರ, ವರದಿಯ ಒಂದೆರಡು ಅಂಶಗಳನ್ನು ಎತ್ತಿ ಹೇಳಿ.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಉದಾಹರಣೆ ಸಾಕು. ಯೆಮೆನ್ ಯುದ್ಧದ ಬಗ್ಗೆ 2017ರಿಂದ ತನಿಖೆ ನಡೆಸುತ್ತಿದ್ದ ತಜ್ಞರ ಗುಂಪನ್ನು ಮುಂದುವರಿಸುವ ನಿರ್ಣಯ 2021ರ ಅಕ್ಟೋಬರ್ 7ರಂದು 18–21 ಮತಗಳಲ್ಲಿ ಬಿದ್ದುಹೋಯಿತು. 7 ದೇಶಗಳು ತಟಸ್ಥವಾಗಿದ್ದವು. ವಿರುದ್ಧ ಮತ ಹಾಕಿದವರಲ್ಲಿ ಭಾರತವೂ ಇತ್ತು. ನಮ್ಮಲ್ಲಿ ಎಷ್ಟು ಜನಕ್ಕೆ ಅದು ಗೊತ್ತಾಯಿತು? ಮಂಡಳಿ ಶುರುವಾದ ಮೇಲೆ ಹೀಗೆ ಒಂದು ನಿರ್ಣಯ ಬಿದ್ದಿದ್ದು ಅದೇ ಮೊದಲು. ಇನ್ನೊಂದು ಇಥಿಯೋಪಿಯಾ. ಟಿಗ್ರೆ ಯುದ್ಧದ ತನಿಖೆಗೆ 2021ರ ಡಿಸೆಂಬರ್‌ನಲ್ಲಿ ರಚಿಸಿದ್ದ ಆಯೋಗ, ಮುಂದೆ ಇನ್ನೂ ದೊಡ್ಡ ದೌರ್ಜನ್ಯ ಆಗುವ ಅಪಾಯ ಇದೆ ಅಂತ ಎಚ್ಚರಿಸುತ್ತಲೇ ಇತ್ತು. 2023ರ ಅಕ್ಟೋಬರ್‌ನಲ್ಲಿ ಕೊನೇ ದಿನ ಬಂತು, ಮುಂದುವರಿಸಿ ಅನ್ನುವ ನಿರ್ಣಯವನ್ನು ಯಾವ ದೇಶವೂ ಮಂಡಿಸಲೇ ಇಲ್ಲ. ಮತದಾನವೂ ಇಲ್ಲದೆ ಮುಗಿದುಹೋಯಿತು. ನನಗೆ ಯೆಮೆನ್‌ಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಇದಕ್ಕೆ.

ಮತ ಯಾರ ಬಳಿ ಇದೆ, ಅವರನ್ನು ಕೇಳಿ

ಮಂಡಳಿಯಲ್ಲಿ 47 ದೇಶಗಳು. ಪ್ರತಿ ವರ್ಷ ಮೂರನೇ ಒಂದು ಭಾಗದಷ್ಟು ಬದಲಾಗುತ್ತವೆ. ಭಾರತ 2025ರ ಅಕ್ಟೋಬರ್‌ನಲ್ಲಿ ಮತ್ತೆ ಆಯ್ಕೆಯಾಗಿದೆ, 2026ರಿಂದ 2028ರವರೆಗೆ. ಹಾಗಾಗಿ 2027ರಲ್ಲಿ ನಮ್ಮ ಮತ ಲೆಕ್ಕಕ್ಕೆ ಬರುತ್ತದೆ.

ಭಾರತದ ಹಿಂದಿನ ಮತಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಮಾತಾಡುವಾಗ ತುಂಬಾ ಉಪಯೋಗಕ್ಕೆ ಬರುತ್ತದೆ. 2009ರ ಮೇಯಲ್ಲಿ ಯುದ್ಧ ಮುಗಿದ ಕೂಡಲೇ ಶ್ರೀಲಂಕಾವೇ ತಂದ ನಿರ್ಣಯದ ಪರ. 2012 ಮತ್ತು 2013ರಲ್ಲಿ ಶ್ರೀಲಂಕಾವನ್ನು ಪ್ರಶ್ನಿಸುವ ನಿರ್ಣಯಗಳ ಪರ. 2014ರಲ್ಲಿ ತಟಸ್ಥ. 2021ರಲ್ಲಿ 22–11 ಮತದಲ್ಲಿ ನಿರ್ಣಯ ಗೆದ್ದಾಗ 14 ತಟಸ್ಥ ದೇಶಗಳಲ್ಲಿ ಒಂದು. 2022ರಲ್ಲಿ 20–7ರಲ್ಲಿ ಗೆದ್ದಾಗಲೂ ತಟಸ್ಥ. 2024 ಮತ್ತು 2025ರಲ್ಲಿ ಮತದಾನ ಇಲ್ಲದೆ ನಿರ್ಣಯ ಅಂಗೀಕಾರ ಆಯಿತು. ಇದನ್ನು ನೋಡಿದರೆ ಗೊತ್ತಾಗುತ್ತದೆ ಅಲ್ವಾ, ನಮ್ಮ ದೇಶದ ನಿಲುವು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಬದಲಾಗಿದೆ, ಮತ್ತೆ ಬದಲಾಗಬಹುದು.

ನಿಮ್ಮ ಲೋಕಸಭಾ ಸದಸ್ಯರಿಂದ ಶುರು ಮಾಡಿ. ಕರ್ನಾಟಕದಿಂದ 28 ಜನ ಇದ್ದಾರೆ, ರಾಜ್ಯಸಭೆಯಲ್ಲಿ 12. ತಮಿಳುನಾಡಿನ ಸಂಸದರು ಈ ವಿಷಯ ಎತ್ತಿದರೆ "ಅವರು ಎತ್ತುತ್ತಲೇ ಇರುತ್ತಾರೆ" ಅನ್ನುವ ಹಾಗಾಗಿದೆ. ಕರ್ನಾಟಕದಿಂದ ಒಬ್ಬರು ಕೇಳಿದರೆ ಅದಕ್ಕೆ ಬೇರೆಯೇ ತೂಕ. ಅವರಿಂದ ಭಾಷಣ ಬೇಡ, ವಿದೇಶಾಂಗ ಸಚಿವರಿಗೆ ಒಂದು ಪ್ರಶ್ನೆ ಸಾಕು. ಪ್ರಶ್ನೆಗೆ ಕಡಿಮೆ ಅಂದರೂ 15 ದಿನ ಮೊದಲು ನೋಟಿಸ್ ಕೊಡಬೇಕು, ಆಮೇಲೆ ಬ್ಯಾಲೆಟ್‌ನಲ್ಲಿ, ಅಂದರೆ ಚೀಟಿ ಎತ್ತುವಂಥ ಆಯ್ಕೆಯಲ್ಲಿ, ಬರಬೇಕು. ಹಾಗಾಗಿ ಮೂರ್ನಾಲ್ಕು ಸಂಸದರನ್ನು ಒಟ್ಟಿಗೆ ಕೇಳಿಕೊಳ್ಳಿ, ಯಾವುದಾದರೂ ಒಂದು ಬರುತ್ತದೆ. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈ–ಆಗಸ್ಟ್‌ನಲ್ಲಿ, ಜಿನೀವಾ ಅಧಿವೇಶನಕ್ಕೆ ಸ್ವಲ್ಪ ಮೊದಲು. ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಪ್ರಶ್ನೆಯನ್ನು ನೀವೇ ಬರೆದು ಕೊಡಿ. ಸಂಸದರ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗರಿಗೆ ಸಾವಿರ ತಾಪತ್ರಯ, ಸಿದ್ಧ ಪ್ರಶ್ನೆ ಇದ್ದರೆ ಮುಂದೆ ಹೋಗುತ್ತದೆ.

ಪತ್ರ ಹೀಗಿರಲಿ, ಒಂದು ಪುಟ ದಾಟಬಾರದು:

"ಮಾನ್ಯ ಸಂಸದರಿಗೆ ನಮಸ್ಕಾರ. ನಾನು ನಿಮ್ಮ ಕ್ಷೇತ್ರದ ಮತದಾರ. ಶ್ರೀಲಂಕಾದಲ್ಲಿ ಕಾಣೆಯಾದವರ ಬಗ್ಗೆ ಸಾಕ್ಷ್ಯ ಕೂಡಿಡುತ್ತಿರುವ ವಿಶ್ವಸಂಸ್ಥೆಯ ಕೆಲಸ 2027ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಾನವ ಹಕ್ಕುಗಳ ಮಂಡಳಿಯ ಮುಂದೆ ತೀರ್ಮಾನಕ್ಕೆ ಬರಲಿದೆ. ಭಾರತ ಮಂಡಳಿಯ ಸದಸ್ಯ ದೇಶ. ಚೆಮ್ಮಣಿಯಲ್ಲಿ 200ಕ್ಕೂ ಹೆಚ್ಚು ಅಸ್ಥಿಪಂಜರ ಸಿಕ್ಕಿರುವಾಗ ಈ ಕೆಲಸ ನಿಲ್ಲಬಾರದು. ಶ್ರೀಲಂಕಾದ ತಮಿಳರಿಗೆ ಸಮಾನತೆ, ನ್ಯಾಯ, ಘನತೆ ಸಿಗಬೇಕು ಅಂತ ಭಾರತ ಹಲವು ಸಲ ಹೇಳಿದೆ. ಈ ಸಲ ಭಾರತ ಮುಂದುವರಿಕೆಯ ಪರವಾಗಿ ನಿಲ್ಲುತ್ತದೆಯೇ ಎಂದು ಮುಂಗಾರು ಅಧಿವೇಶನದಲ್ಲಿ ವಿದೇಶಾಂಗ ಸಚಿವರನ್ನು ದಯವಿಟ್ಟು ಕೇಳಿ. ಪ್ರಶ್ನೆಯ ಕರಡನ್ನು ಜೊತೆಗಿಟ್ಟಿದ್ದೇನೆ."

ಇಷ್ಟೇ. ನಿಮ್ಮ ವಿಳಾಸ, ಫೋನ್ ನಂಬರ್ ಹಾಕಿ, ಕ್ಷೇತ್ರದವರು ಅಂತ ಗೊತ್ತಾಗಬೇಕು. ಹತ್ತು ದಿನ ಬಿಟ್ಟು ಕಚೇರಿಗೆ ಖುದ್ದಾಗಿ ಹೋಗಿ. ಒಂದೇ ಪತ್ರಕ್ಕೆ ನೂರು ಜನ ಸಹಿ ಹಾಕಿ ಕಳಿಸುವುದಕ್ಕಿಂತ ಐದು ಜನ ತಮ್ಮ ಮಾತಿನಲ್ಲಿ ಬರೆದು, ಇಬ್ಬರು ಹೋಗಿ ಕೂತು ಮಾತಾಡಿದರೆ ಕೆಲಸ ಆಗುತ್ತದೆ ಅನ್ನುವುದು ನನ್ನ ಅನುಭವ.

ಬ್ರಿಟನ್ನಿನಲ್ಲೋ ಕೆನಡಾದಲ್ಲೋ ಇರುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ನಿಮ್ಮ ಪತ್ರಕ್ಕೆ ನಮ್ಮದಕ್ಕಿಂತ ಬೆಲೆ ಜಾಸ್ತಿ. ಕರಡು ಬರೆಯುವುದೇ ನಿಮ್ಮ ಸರ್ಕಾರಗಳು. ಸ್ಥಳೀಯ ಎಂಪಿಗೆ ನಿಮ್ಮ ಮನೆ ವಿಳಾಸ ಹಾಕಿ ಬರೆಯಿರಿ, ಇಲ್ಲದಿದ್ದರೆ ಅವರು ಉತ್ತರ ಕೊಡುವುದು ಅನುಮಾನ. ಕನ್ನಡ ಕೂಟದಲ್ಲಿ ಪರಿಚಯ ಇರುವ ಶ್ರೀಲಂಕಾ ತಮಿಳು ಕುಟುಂಬ ಇದ್ದರೆ ಮೊದಲು ಅವರನ್ನು ಕೇಳಿ, ಅವರಿಗೆ ಏನು ಬೇಕು ಅಂತ.

ಕುಟುಂಬದವರ ಮಾತು ಮೊದಲು

ಕಿಲಿನೊಚ್ಚಿಯಲ್ಲಿ, ವವುನಿಯಾದಲ್ಲಿ ಕಾಣೆಯಾದವರ ತಾಯಂದಿರು 2017ರ ಫೆಬ್ರವರಿಯಿಂದ ರಸ್ತೆ ಬದಿಯಲ್ಲಿ ಕೂತಿದ್ದಾರೆ, ಮಕ್ಕಳ ಫೋಟೊ ಹಿಡಿದುಕೊಂಡು. ಯುದ್ಧದ ಕೊನೇ ದಿನ ತಮ್ಮ ಕೈಯಾರೆ ಸೈನ್ಯಕ್ಕೆ ಒಪ್ಪಿಸಿದ ಮಗ ಎಲ್ಲಿ ಅಂತ ಅವರಲ್ಲಿ ಅನೇಕರು ಕೇಳುತ್ತಿರುವುದು. ಎಷ್ಟೋ ಜನ ಉತ್ತರ ಸಿಗದೆಯೇ ತೀರಿಕೊಂಡರು. ಅವರಲ್ಲಿ ಕೆಲವರಿಗೆ ಜಿನೀವಾ ಮೇಲೆ ನಂಬಿಕೆಯೇ ಹೋಗಿದೆ, ನಿರ್ಣಯದ ಮೇಲೆ ನಿರ್ಣಯ ಬಂತು, ಒಬ್ಬನನ್ನೂ ಹುಡುಕಿಕೊಡಲಿಲ್ಲ ಅನ್ನುತ್ತಾರೆ. ಕೇಸು ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೇ ಹೋಗಬೇಕು ಅನ್ನುವವರೂ ಇದ್ದಾರೆ. ನಿಮ್ಮ ಪತ್ರದಲ್ಲಿ ಇದನ್ನು ಮುಚ್ಚಿಡಬೇಡಿ. ಸಾಕ್ಷ್ಯ ಕೂಡಿಡುವ ಕೆಲಸ ಮುಂದುವರಿಯಲಿ, ಅದರ ಜೊತೆಗೆ ಕೋರ್ಟಿನ ದಾರಿಯೂ ತೆರೆಯಲಿ ಅಂತ ಬರೆದರೆ ತಪ್ಪೇನಿಲ್ಲ.

ಇನ್ನೊಂದು ವಿಷಯ, ಇದರಲ್ಲಿ ದಯವಿಟ್ಟು ಹುಷಾರಾಗಿರಿ. ಯಾರಾದರೂ ನಿಮ್ಮ ಹತ್ತಿರ ತಮ್ಮ ಮನೆಯವರ ಕಥೆ ಹೇಳಿಕೊಂಡರೆ ಅದನ್ನು ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಬೇಡಿ. ಉತ್ತರ ಮತ್ತು ಪೂರ್ವದ ಊರುಗಳಲ್ಲಿ ಹೋರಾಟ ಮಾಡುವ ಕುಟುಂಬಗಳ ಮನೆಗೆ ಗುಪ್ತಚರದವರು ಬಂದು ವಿಚಾರಿಸುವುದು ಇವತ್ತಿಗೂ ನಡೆಯುತ್ತಿದೆ ಅಂತ ವಿಶ್ವಸಂಸ್ಥೆಯ ವರದಿಗಳೇ ಹೇಳುತ್ತವೆ. ಒಂದು ಹೆಸರು, ಒಂದು ಊರು, ಒಂದು ಮುಖ ಸಾಕು ಅವರನ್ನು ಗುರುತಿಸಲು. ಅವರೇ ಒಪ್ಪಿದರೂ, ಆ ಒಪ್ಪಿಗೆ ಯಾವುದಕ್ಕೆ ಅಂತ ಕೇಳಿ: ನಿಮಗೆ ಹೇಳಲಿಕ್ಕಾ, ಸಂಸದರಿಗೆ ತೋರಿಸಲಿಕ್ಕಾ, ಎಲ್ಲರಿಗೂ ಹಂಚಲಿಕ್ಕಾ?

ಒಬ್ಬರನ್ನೇ ಮತ್ತೆ ಮತ್ತೆ ಕೂರಿಸಿ ಕಥೆ ಹೇಳಿಸುವುದೂ ಬೇಡ. ಅವರಿಗೆ ನೋವು, ಮೇಲಾಗಿ ಎರಡು ಸಲ ಹೇಳಿದ್ದರಲ್ಲಿ ಸಣ್ಣ ವ್ಯತ್ಯಾಸ ಬಂದರೆ ನಾಳೆ ಕೋರ್ಟಿನಲ್ಲಿ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ಯಾರ ಬಳಿಯಾದರೂ ನಿಜವಾದ ಸಾಕ್ಷ್ಯ ಇದ್ದರೆ ಅವರು ನೇರವಾಗಿ ಹೈಕಮಿಷನರ್ ಕಚೇರಿಗೆ ಕೊಡಬಹುದು, ನಡುವೆ ನಾವು ಬೇಕಾಗಿಲ್ಲ. ಫೋಟೊ, ವಿಡಿಯೊ ಇದ್ದರೆ ಮೂಲ ಫೈಲನ್ನು ಹಾಗೆಯೇ ಇಡಲು ಹೇಳಿ. ವಾಟ್ಸಾಪಿನಲ್ಲಿ ಕಳಿಸಿದ ಫೋಟೊದಲ್ಲಿ ಯಾವಾಗ, ಎಲ್ಲಿ ತೆಗೆದಿದ್ದು ಅನ್ನುವ ಮಾಹಿತಿ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಯಾರು ತೆಗೆದಿದ್ದು, ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಒಳ್ಳೆಯದು.

ಮತ್ತೆ, ಬೇರೆ ಯಾವುದೋ ಯುದ್ಧದ ಫೋಟೊವನ್ನು ಇದು ಮುಳ್ಳಿವಾಯ್ಕಾಲ್ ಅಂತ ಹಂಚಬೇಡಿ. ಒಂದು ಸುಳ್ಳು ಫೋಟೊ ನೂರು ನಿಜವಾದ ಸಾಕ್ಷ್ಯಗಳ ಮೇಲೆ ಅನುಮಾನ ತರುತ್ತದೆ.

ಎದುರಾಗುವ ಮಾತುಗಳು

ಬೆಂಗಳೂರಿನಲ್ಲಿ ಈ ವಿಷಯ ತೆಗೆದ ಕೂಡಲೇ ಯಾರಾದರೂ ಕೋಣನಕುಂಟೆ ಅನ್ನುತ್ತಾರೆ. ರಾಜೀವ್ ಗಾಂಧಿ ಹತ್ಯೆಯ ನಂತರ 1991ರ ಆಗಸ್ಟ್‌ನಲ್ಲಿ ಆ ಹತ್ಯೆಯ ಸಂಚು ನಡೆಸಿದ ಎಲ್‌ಟಿಟಿಇಯ ಶಿವರಸನ್ ಮತ್ತು ಅವನ ಜೊತೆಯವರು ಸತ್ತಿದ್ದು ಅಲ್ಲಿನ ಮನೆಯಲ್ಲಿ. ಆ ನೆನಪು ಸುಳ್ಳಲ್ಲ, ಆ ಸಿಟ್ಟೂ ಸುಳ್ಳಲ್ಲ. ಎಲ್‌ಟಿಟಿಇ ಮಕ್ಕಳ ಕೈಗೆ ಬಂದೂಕು ಕೊಟ್ಟಿತು, ಕೊನೇ ತಿಂಗಳುಗಳಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದ ತಮಿಳರ ಮೇಲೇ ಗುಂಡು ಹಾರಿಸಿತು, 1990ರ ಅಕ್ಟೋಬರ್‌ನಲ್ಲಿ ಉತ್ತರದ ಮುಸ್ಲಿಮರನ್ನೆಲ್ಲ ಮನೆ ಬಿಡಿಸಿ ಓಡಿಸಿತು. ಇದನ್ನೆಲ್ಲ ನೀವೇ ಮೊದಲು ಹೇಳಿ. ತನಿಖೆ ಎಲ್ಲರ ಅಪರಾಧದ ಬಗ್ಗೆಯೂ ಇದೆ. ಕಾಣೆಯಾದ ಹುಡುಗನ ತಾಯಿ ಎಲ್‌ಟಿಟಿಇ ಅಲ್ಲ ಅನ್ನುವುದನ್ನು ಆಮೇಲೆ ಹೇಳಿದರೆ ಜನ ಕೇಳಿಸಿಕೊಳ್ಳುತ್ತಾರೆ.

ಸುಳ್ಯ, ಪುತ್ತೂರು ಕಡೆಯವರಾದರೆ ಮಾತು ಬೇರೆ ಕಡೆಯಿಂದ ಶುರುವಾಗಬಹುದು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಪ್ರಕಾರ ಶ್ರೀಲಂಕಾದ ಟೀ ತೋಟಗಳಿಂದ ಬಂದ ತಮಿಳು ಕುಟುಂಬಗಳು ಅಲ್ಲಿನ ರಬ್ಬರ್ ತೋಟಗಳಲ್ಲಿ ಕೆಲಸ ಮಾಡಿಕೊಂಡು ನೆಲೆಸಿವೆ. ಅವರು ಉತ್ತರದ ಯುದ್ಧಭೂಮಿಯಿಂದ ಬಂದವರಲ್ಲ, ಅವರ ಕಥೆ ಬೇರೆ. ಎರಡನ್ನೂ ಕಲಸಬೇಡಿ.

"ಅದು ಅವರ ಮನೆಯ ವಿಷಯ, ಅವರೇ ತನಿಖೆ ಮಾಡಿಕೊಳ್ಳಲಿ" ಅನ್ನುವುದು ಎರಡನೇ ಮಾತು. ಇದಕ್ಕೆ ಮಿರುಸುವಿಲ್ ಕಥೆ ಹೇಳಿ. 2000ದ ಡಿಸೆಂಬರ್‌ನಲ್ಲಿ ಅಲ್ಲಿ ಎಂಟು ಜನ ತಮಿಳು ನಾಗರಿಕರನ್ನು ಕೊಂದರು, ಅವರಲ್ಲಿ ಮಕ್ಕಳಿದ್ದರು. 2015ರಲ್ಲಿ ಒಬ್ಬ ಸೈನಿಕನಿಗೆ ಮರಣದಂಡನೆ ಆಯಿತು, 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2020ರ ಮಾರ್ಚ್‌ನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ಕ್ಷಮಾದಾನ ಕೊಟ್ಟು ಅವನನ್ನು ಬಿಟ್ಟರು. ಇಪ್ಪತ್ತು ವರ್ಷ ನಡೆದ ಕೇಸು ಒಂದು ಸಹಿಯಲ್ಲಿ ಮುಗಿಯಿತು. ಮರಣದಂಡನೆ ನನಗೂ ಬೇಡ, ಆದರೆ ಆ ಎಂಟು ಮನೆಗಳಿಗೆ ಆ ದಿನ ಹೇಗಿತ್ತು ಅಂತ ಯೋಚಿಸಿ.

ಮೂರನೆಯದು ಈಗ ಜಾಸ್ತಿ ಕೇಳುವ ಮಾತು: 2024ರಲ್ಲಿ ಸರ್ಕಾರ ಬದಲಾಗಿದೆ, ಅಧ್ಯಕ್ಷ ಅನುರ ಕುಮಾರ ದಿಸ್ಸನಾಯಕೆ ಒಳ್ಳೆಯವರು, ಸಮಯ ಕೊಡಿ ಅಂತ. ಸಮಯ ಕೊಡೋಣ. ಸಾಕ್ಷ್ಯ ಕೂಡಿಡುವುದಕ್ಕೂ ಸಮಯ ಕೊಡುವುದಕ್ಕೂ ಏನು ವಿರೋಧ? ಅಧ್ಯಕ್ಷರ ಪಕ್ಷವಾದ ಜೆವಿಪಿಯ ಸಾವಿರಾರು ಯುವಕರನ್ನೇ 1987–89ರಲ್ಲಿ ಅಂದಿನ ಸರ್ಕಾರ ಕಾಣೆ ಮಾಡಿತು. ಅವರಲ್ಲಿ ಬಹುಪಾಲು ಸಿಂಹಳೀಯರು. ಅವರ ತಾಯಂದಿರಿಗೂ ಉತ್ತರ ಸಿಕ್ಕಿಲ್ಲ. 2012ರಲ್ಲಿ ಮಾತಲೆ ಆಸ್ಪತ್ರೆ ಹತ್ತಿರ 150ಕ್ಕೂ ಹೆಚ್ಚು ಅಸ್ಥಿಪಂಜರ ಸಿಕ್ಕಾಗ ಮೊದಲು ನೆನಪಾಗಿದ್ದು ಅದೇ ವರ್ಷಗಳು. ಈ ನೋವು ಯಾವುದೋ ಒಂದು ಭಾಷೆಯವರದ್ದು ಮಾತ್ರ ಅಲ್ಲ ಅಂತ ತೋರಿಸಲು ಇದಕ್ಕಿಂತ ಬೇರೆ ಮಾತು ನನಗೆ ಗೊತ್ತಿಲ್ಲ.

ನಿರ್ಣಯ ಗೆದ್ದ ಮೇಲೆ

ಗೆದ್ದ ದಿನ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಜಿನೀವಾದಲ್ಲಿ ಸಿಗುವುದು ಒಪ್ಪಿಗೆ ಮಾತ್ರ, ದುಡ್ಡು ತೀರ್ಮಾನವಾಗುವುದು ನ್ಯೂಯಾರ್ಕಿನಲ್ಲಿ, ಸಾಮಾನ್ಯ ಸಭೆಯ ಐದನೇ ಸಮಿತಿಯಲ್ಲಿ, ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ. ಕೆಲವು ವರ್ಷಗಳಿಂದ ವಿಶ್ವಸಂಸ್ಥೆಯಲ್ಲಿ ಹಣದ ಕೊರತೆ ಜೋರಾಗಿದೆ, ಖಾಲಿ ಹುದ್ದೆ ತುಂಬುತ್ತಿಲ್ಲ, ತನಿಖಾ ತಂಡಗಳ ಕೆಲಸ ನಿಧಾನವಾಗಿದೆ. ಮತದಾನದಲ್ಲಿ ಸೋತವರು ಇಲ್ಲಿ ಹುದ್ದೆಗಳನ್ನು ಕತ್ತರಿಸಲು ನೋಡುತ್ತಾರೆ. ಹಾಗಾಗಿ ಅಕ್ಟೋಬರ್‌ನಲ್ಲೇ ವಿದೇಶಾಂಗ ಸಚಿವಾಲಯಕ್ಕೆ ಇನ್ನೊಂದು ಚಿಕ್ಕ ಪತ್ರ ಹಾಕಿ: ಐದನೇ ಸಮಿತಿಯಲ್ಲಿ ಈ ತಂಡದ ಬಜೆಟ್‌ಗೆ ಭಾರತ ಅಡ್ಡ ಬರಬಾರದು ಅಂತ. ಈ ಪತ್ರ ಬರೆಯುವವರು ತುಂಬಾ ಕಡಿಮೆ. ಅದಕ್ಕೇ ಅದನ್ನು ಓದುತ್ತಾರೆ.

ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಲೂಬಹುದು. ವಿದೇಶಿ ಸಂಬಂಧ ಅಂತ ಹೇಳಿ 8ನೇ ಕಲಂ ಅಡಿಯಲ್ಲಿ ತಿರಸ್ಕರಿಸುವ ಸಾಧ್ಯತೆ ಜಾಸ್ತಿ, ಹಾಗಾಗಿ ನಾನು ಇದಕ್ಕೆ ಹೆಚ್ಚು ಸಮಯ ಹಾಕುವುದಿಲ್ಲ.

ಸಂಸದರಿಂದ ಉತ್ತರ ಬಂದರೆ, ಸದನದಲ್ಲಿ ಪ್ರಶ್ನೆ ಬಂದರೆ, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ತಮಿಳು ಬಲ್ಲ ಸ್ನೇಹಿತರ ಹತ್ತಿರ ನಾಲ್ಕು ಸಾಲಿಗೆ ಅನುವಾದ ಮಾಡಿಸಿ, ನಿಮಗೆ ಪರಿಚಯ ಇರುವ ಕುಟುಂಬಕ್ಕೆ ಅಥವಾ ಕುಟುಂಬಗಳ ಸಂಘಕ್ಕೆ ಕಳಿಸಿ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಯಾರೋ ತಮ್ಮ ಮಗನ ಬಗ್ಗೆ ದೆಹಲಿಯಲ್ಲಿ ಕೇಳಿಸಿದರು ಅಂತ ಕಿಲಿನೊಚ್ಚಿಯ ರಸ್ತೆ ಬದಿಯ ಆ ಡೇರೆಯಲ್ಲಿ ಒಬ್ಬರಿಗಾದರೂ ಗೊತ್ತಾಗಲಿ.